ಹದಿಹರೆಯದ ಮಕ್ಕಳ ಸಿಹಿ ಡ್ರಿಂಕ್ಸ್ ಕಡಿಮೆ ಮಾಡಿಸೋದು ಹೇಗೆ: ನಮ್ಮ ಮನೆಯಲ್ಲಿ ಮಾಡಿ ನೋಡಿದ ದಾರಿ

ಒಂದು ಭಾನುವಾರ ಮಗನ ಸ್ಕೂಲ್ ಬ್ಯಾಗ್ ಒಗೆಯೋಣ ಅಂತ ಎಲ್ಲಾ ಹೊರಗೆ ಸುರಿದೆ. ಪುಸ್ತಕ, ಜಾಮಿಟ್ರಿ ಬಾಕ್ಸ್, ಮುದುಡಿದ ಟೆಸ್ಟ್ ಪೇಪರ್. ಅವುಗಳ ಕೆಳಗೆ ಐದು ಪುಟ್ಟ ಪ್ಲಾಸ್ಟಿಕ್ ಬಾಟಲಿ, ಎಲ್ಲಾ ಖಾಲಿ. 10 ರೂಪಾಯಿಗೆ ಸಿಗುತ್ತಲ್ಲ, ಆ ಕೂಲ್ ಡ್ರಿಂಕ್ಸ್ ಬಾಟಲಿಗಳು. ಸೋಮವಾರದಿಂದ ಶುಕ್ರವಾರದವರೆಗೆ ದಿನಕ್ಕೊಂದು. ಅವನೇನೂ ಬಚ್ಚಿಟ್ಟಿರಲಿಲ್ಲ. ಕೇಳಿದ್ದಕ್ಕೆ "ಟ್ಯೂಷನ್‌ಗೆ ಹೋಗೋ ಮುಂಚೆ ಬಾಯಾರಿಕೆ ಆಗುತ್ತಮ್ಮ, ಎಲ್ರೂ ಕುಡೀತಾರೆ" ಅಂದ.

ಆಗ ಅವನು ಹತ್ತನೇ ಕ್ಲಾಸ್. ಆ ವರ್ಷ ಯೂನಿಫಾರ್ಮ್ ಪ್ಯಾಂಟಿನ ಸೊಂಟವನ್ನು ಎರಡು ಸಲ ಬಿಚ್ಚಿಸಿ ಹೊಲಿಸಿದ್ದೆ. ತೂಕ ಏರುತ್ತಿದೆ ಅಂತ ಗೊತ್ತಿತ್ತು. ದೋಸೆಗೆ ಎಣ್ಣೆ ಕಡಿಮೆ ಮಾಡಿದ್ದೆ, ಚಿಪ್ಸ್ ತರೋದು ನಿಲ್ಲಿಸಿದ್ದೆ, ರಾತ್ರಿ ಅನ್ನದ ಬದಲು ಚಪಾತಿ ಮಾಡುತ್ತಿದ್ದೆ. ಅವನ ತಟ್ಟೆಯ ಮೇಲೆ ಅಷ್ಟೊಂದು ಕಣ್ಣಿಟ್ಟಿದ್ದವಳು ಅವನು ದಿನವಿಡೀ ಏನು ಕುಡಿಯುತ್ತಾನೆ ಅಂತ ಒಮ್ಮೆಯೂ ಕೇಳಿರಲಿಲ್ಲ. ಆ ಭಾನುವಾರದಿಂದ ಏನೇನು ಮಾಡಿದೆವು, ಯಾವುದು ಫಲ ಕೊಟ್ಟಿತು ಅನ್ನೋದನ್ನು ಕ್ರಮವಾಗಿ ಬರೆಯುತ್ತಿದ್ದೇನೆ. ಹದಿಮೂರರಿಂದ ಹದಿನೆಂಟರ ಮಕ್ಕಳಿರುವ ಮನೆಗಳಿಗೆ ಉಪಯೋಗ ಆಗಬಹುದು.

ಮೊದಲ ವಾರ: ಬೈಯಬೇಡಿ, ಬರೆದಿಡಿ

ಬಾಟಲಿ ಸಿಕ್ಕ ದಿನವೇ "ಇನ್ಮೇಲೆ ಬಂದ್" ಅಂದರೆ ಮಗು ಮನೆಯ ಹೊರಗೆ ಕುಡಿದು ಬಾಟಲಿ ಅಲ್ಲೇ ಎಸೆದು ಬರುತ್ತೆ. ಅದಕ್ಕೇ ಮೊದಲ ಏಳು ದಿನ ಏನನ್ನೂ ಬದಲಿಸಬೇಡಿ. ಫ್ರಿಜ್ ಬಾಗಿಲಿಗೆ ಒಂದು ಚೀಟಿ ಅಂಟಿಸಿ. ನೀರು ಬಿಟ್ಟು ಬೇರೆ ಏನು ಕುಡಿದರೂ ಅದರಲ್ಲಿ ಬರೆಯಲಿ. ಅವನೊಬ್ಬನೇ ಬರೆದರೆ ಪೊಲೀಸ್ ವಿಚಾರಣೆ ಥರ ಅನಿಸುತ್ತೆ. ಹಾಗಾಗಿ ಅಪ್ಪ, ಅಮ್ಮ, ಅಜ್ಜಿ ಎಲ್ಲರೂ ಬರೆಯಬೇಕು.

ನಮ್ಮ ಚೀಟಿಯಲ್ಲಿ ಅವನ ಒಂದು ದಿನ ಹೀಗಿತ್ತು. ಬೆಳಿಗ್ಗೆ ಪೌಡರ್ ಹಾಕಿದ ಹಾಲು, ಅದಕ್ಕೆ ಎರಡು ಚಮಚ ಸಕ್ಕರೆ. ಸಂಜೆ ನಾಲ್ಕೂವರೆಗೆ ಆ ಪುಟ್ಟ ಬಾಟಲಿ. ಟ್ಯೂಷನ್‌ನಿಂದ ಬಂದ ಮೇಲೆ ಟೀ, ಅದಕ್ಕೂ ಎರಡು ಚಮಚ. ಮಲಗೋ ಮುಂಚೆ ಅಜ್ಜಿ ಪ್ರೀತಿಯಿಂದ ಕೊಡೋ ಇನ್ನೊಂದು ಲೋಟ ಹಾಲು, ಅದಕ್ಕೂ ಪೌಡರ್, ಅದಕ್ಕೂ ಎರಡು ಚಮಚ. ಭಾನುವಾರ ಬಿರಿಯಾನಿ ತರಿಸಿದಾಗ ಜೊತೆಗೆ ದೊಡ್ಡ ಬಾಟಲಿ. ಪುಟ್ಟ ಬಾಟಲಿಯೊಂದೇ ಕಾರಣ ಅಂದುಕೊಂಡಿದ್ದ ನನಗೆ ನಮ್ಮ ಅಡುಗೆಮನೆಯ ಪಾಲೂ ಅಷ್ಟೇ ಇದೆ ಅಂತ ಗೊತ್ತಾದದ್ದು ಆಗ.

ಎರಡನೆಯದು: ಚಮಚದಲ್ಲಿ ಅಳೆದು ತೋರಿಸಿ

ಇದು ತುಂಬಾ ಮುಖ್ಯವಾದ ಹೆಜ್ಜೆ. ದಯವಿಟ್ಟು ಬಿಡಬೇಡಿ.

ಬಾಟಲಿಯ ಹಿಂದೆ ಸಣ್ಣ ಅಕ್ಷರದ ಪಟ್ಟಿ ಇರುತ್ತೆ. ಅದರಲ್ಲಿ 'ಟೋಟಲ್ ಶುಗರ್ಸ್', 'ಆಡೆಡ್ ಶುಗರ್ಸ್' ಅಂತ ಎರಡು ಸಾಲು ನೋಡಿ. ಎರಡನೆಯದು ಕಂಪನಿಯವರು ಸೇರಿಸಿದ ಸಕ್ಕರೆ. ಅಂಕಿ ಸಾಮಾನ್ಯವಾಗಿ 100 ಮಿ.ಲೀ.ಗೆ ಕೊಟ್ಟಿರುತ್ತಾರೆ. ಮೋಸ ಹೋಗೋದು ಇಲ್ಲೇ. "10 ಗ್ರಾಂ ಅಷ್ಟೇ" ಅಂತ ಓದಿ ಕೆಳಗಿಡುತ್ತೇವೆ, ಬಾಟಲಿಯಲ್ಲಿ ಇರೋದು 250 ಅಥವಾ 750 ಮಿ.ಲೀ. ಹಾಗಾಗಿ ಲೆಕ್ಕ ಹೀಗೆ ಮಾಡಿ: 100 ಮಿ.ಲೀ.ಯ ಅಂಕಿಯನ್ನು ಬಾಟಲಿಯ ಅಳತೆಗೆ ಗುಣಿಸಿ, 100ರಿಂದ ಭಾಗಿಸಿ. ಬಂದ ಗ್ರಾಂ ಅನ್ನು 4ರಿಂದ ಭಾಗಿಸಿದರೆ ಅಷ್ಟು ಟೀ ಚಮಚ ಸಕ್ಕರೆ. ಒಂದು ಸಮತಟ್ಟು ಟೀ ಚಮಚದಲ್ಲಿ ಸುಮಾರು 4 ಗ್ರಾಂ ಸಕ್ಕರೆ ಹಿಡಿಯುತ್ತೆ.

ಸಾಮಾನ್ಯ ಕೋಲಾದಲ್ಲಿ 100 ಮಿ.ಲೀ.ಗೆ 10ರಿಂದ 11 ಗ್ರಾಂ ಸಕ್ಕರೆ. ಅಂದರೆ 200 ಮಿ.ಲೀ.ಯ ಪುಟ್ಟ ಬಾಟಲಿಗೆ ಐದು ಚಮಚ. 750 ಮಿ.ಲೀ.ಗೆ ಇಪ್ಪತ್ತು ಚಮಚ.

ನಾನು ಇದನ್ನು ಬಾಯಲ್ಲಿ ಹೇಳಲಿಲ್ಲ. ಭಾನುವಾರದ ದೊಡ್ಡ ಬಾಟಲಿಯನ್ನು ಅಡುಗೆ ಕಟ್ಟೆ ಮೇಲಿಟ್ಟು, ಪಕ್ಕದಲ್ಲಿ ಖಾಲಿ ಗಾಜಿನ ಲೋಟ, ಸಕ್ಕರೆ ಡಬ್ಬಿ ಇಟ್ಟೆ. "ನೀನೇ ಲೇಬಲ್ ಓದಿ ಲೆಕ್ಕ ಹಾಕಿ ಸಕ್ಕರೆ ಹಾಕು" ಅಂದೆ. ಮೊದಲು ನಗುತ್ತಾ ಶುರು ಮಾಡಿದ. ಎಂಟನೇ ಚಮಚಕ್ಕೆ ನಗು ನಿಂತಿತು. ಹನ್ನೆರಡಕ್ಕೆ "ಅಮ್ಮ, ಲೆಕ್ಕ ತಪ್ಪಾಯ್ತಾ?" ಅಂತ ಮತ್ತೆ ಫೋನಿನಲ್ಲಿ ಗುಣಿಸಿ ನೋಡಿದ. ತಪ್ಪಿರಲಿಲ್ಲ. ಇಪ್ಪತ್ತು ಚಮಚ ಆದಾಗ ಲೋಟದ ತಳದಲ್ಲಿ ಮೂರು ಬೆರಳಿನಷ್ಟು ಬೆಳ್ಳಗೆ ನಿಂತಿತ್ತು. ಅವರಜ್ಜಿ ಬಂದು ನೋಡಿ "ಅಯ್ಯೋ, ಇಷ್ಟು ಸಕ್ಕರೆಯಲ್ಲಿ ಮನೆಮಂದಿಗೆಲ್ಲ ಕೇಸರಿಬಾತ್ ಮಾಡಬಹುದಲ್ಲೋ" ಅಂದರು. ಆ ಲೋಟವನ್ನು ಎರಡು ದಿನ ಅಲ್ಲೇ ಬಿಟ್ಟೆ. ನಾನು ಏನೂ ಹೇಳಬೇಕಾಗಿ ಬರಲಿಲ್ಲ.

ದಿನಕ್ಕೆ ಎಷ್ಟು ಮಿತಿ? ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿ ದಿನಕ್ಕೆ ಸುಮಾರು 25 ಗ್ರಾಂ ಒಳಗೆ ಇರಲಿ ಅನ್ನುತ್ತೆ. ಅಂದರೆ ಆರು ಚಮಚ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದ ಪ್ರಕಾರ ಒಟ್ಟು ಕ್ಯಾಲೊರಿಯ ಶೇ. 10ಕ್ಕಿಂತ ಜಾಸ್ತಿ ಸಕ್ಕರೆಯಿಂದ ಬರಬಾರದು, ಶೇ. 5ರ ಒಳಗಿದ್ದರೆ ಇನ್ನೂ ಒಳ್ಳೆಯದು. ನಮ್ಮ ಚೀಟಿಯಲ್ಲಿದ್ದ ಆ ಒಂದು ದಿನವನ್ನು ಕೂಡಿ ನೋಡಿ: ಮೂರು ಲೋಟಗಳಿಗೆ ಎರಡೆರಡು, ಬಾಟಲಿಯ ಐದು, ಒಟ್ಟು ಹನ್ನೊಂದು ಚಮಚ. ಹಾಲಿಗೆ ಹಾಕೋ ಪೌಡರ್ ಒಳಗೇ ಇರುವ ಸಕ್ಕರೆ, ಬಿಸ್ಕೆಟ್, ಜಾಮ್ ಇವನ್ನೆಲ್ಲ ಇನ್ನೂ ಸೇರಿಸಿಲ್ಲ.

"ಒಂದು ಪುಟ್ಟ ಬಾಟಲಿಯಿಂದ ಏನಾಗುತ್ತೆ?"

ನಮ್ಮ ಯಜಮಾನರು ಕೇಳಿದ್ದು ಇದೇ ಪ್ರಶ್ನೆ. ನಿಮ್ಮ ಮನೆಯಲ್ಲೂ ಯಾರಾದರೂ ಕೇಳುತ್ತಾರೆ, ಉತ್ತರ ಗೊತ್ತಿರಲಿ.

ನೆದರ್‌ಲ್ಯಾಂಡ್ಸ್‌ನಲ್ಲಿ 641 ಶಾಲಾ ಮಕ್ಕಳ ಮೇಲೆ ಒಂದು ಅಧ್ಯಯನ ನಡೆಯಿತು, ಫಲಿತಾಂಶ 2012ರಲ್ಲಿ ಬಂತು. ಮಕ್ಕಳಿಗೆ ದಿನಕ್ಕೆ ಒಂದೇ ಒಂದು 250 ಮಿ.ಲೀ. ಕ್ಯಾನ್. ಅರ್ಧ ಮಕ್ಕಳದ್ದರಲ್ಲಿ ಸಕ್ಕರೆ, ಉಳಿದರ್ಧ ಮಕ್ಕಳದ್ದರಲ್ಲಿ ಸಕ್ಕರೆ ಇಲ್ಲದ ಸಿಹಿ. ಯಾರದ್ದು ಯಾವುದು ಅಂತ ಮಕ್ಕಳಿಗೂ ಗೊತ್ತಿಲ್ಲ. ಒಂದೂವರೆ ವರ್ಷ ಆದ ಮೇಲೆ ಸಕ್ಕರೆ ಕುಡಿದವರ ತೂಕ ಸರಾಸರಿ ಒಂದು ಕೆ.ಜಿ.ಯಷ್ಟು ಜಾಸ್ತಿ ಏರಿತ್ತು. ಬೇರೆ ಏನನ್ನೂ ಬದಲಿಸದೆ, ಬರೀ ಆ ಒಂದು ಕ್ಯಾನ್‌ನಿಂದ.

ಕಾರಣ ಇಷ್ಟು. ಅಗಿದು ತಿಂದದ್ದನ್ನು ಹೊಟ್ಟೆ ಲೆಕ್ಕಕ್ಕೆ ತಗೊಳ್ಳುತ್ತೆ. ಸಂಜೆ ಎರಡು ಬಾಳೆಹಣ್ಣು ತಿಂದ ಹುಡುಗ ರಾತ್ರಿ ಒಂದು ಚಪಾತಿ ಕಡಿಮೆ ತಿನ್ನುತ್ತಾನೆ. ಅಷ್ಟೇ ಕ್ಯಾಲೊರಿಯ ಡ್ರಿಂಕ್ ಕುಡಿದರೆ ರಾತ್ರಿ ಚಪಾತಿ ಕಡಿಮೆ ಆಗೋದಿಲ್ಲ. ದ್ರವದಲ್ಲಿ ಬಂದ ಸಕ್ಕರೆ ಹಸಿವನ್ನು ಹಾಗೆ ತಗ್ಗಿಸೋದಿಲ್ಲ. ಊಟದ ಮೇಲೆ ಅದು ಬರೀ ಹೆಚ್ಚುವರಿ. ಜೊತೆಗೆ ಜಾಸ್ತಿ ಸಕ್ಕರೆ ಲಿವರ್‌ನಲ್ಲಿ ಕೊಬ್ಬಾಗಿ ಕೂರುತ್ತೆ, ಹಲ್ಲು ಹಾಳಾಗುತ್ತೆ. ನಮ್ಮ ಕಡೆ ಶುಗರ್ ಕಾಯಿಲೆ ಮನೆತನದಲ್ಲೇ ಇರೋದು ಜಾಸ್ತಿ ಅಲ್ವಾ, ಆ ಮಕ್ಕಳ ವಿಷಯದಲ್ಲಿ ಇನ್ನೂ ಹುಷಾರಾಗಿರಬೇಕು.

ಒಳ್ಳೆಯದು ಅಂತ ನಾವೇ ಕೊಡೋ ಡ್ರಿಂಕ್‌ಗಳು

ಕೋಲಾ ಕೆಟ್ಟದ್ದು ಅಂತ ಎಲ್ಲರಿಗೂ ಗೊತ್ತು. ಕಷ್ಟ ಇರೋದು ಉಳಿದವುಗಳಲ್ಲಿ.

ಟೆಟ್ರಾ ಪ್ಯಾಕಿನ ಮಾವಿನ ಡ್ರಿಂಕ್ ಹಣ್ಣಿನ ರಸ ಅಂತ ಕೊಡುತ್ತೇವೆ. ಸಕ್ಕರೆಯ ಸಾಲು ಓದಿದರೆ ಕೋಲಾದಷ್ಟೇ ಇರುತ್ತೆ, ಕೆಲವದರಲ್ಲಿ ಇನ್ನೂ ಜಾಸ್ತಿ. ಡಬ್ಬದ ಮೇಲೆ 'ನೂರಕ್ಕೆ ನೂರು ಹಣ್ಣಿನ ರಸ' ಅಂತ ಬರೆಯೋದನ್ನು ತೆಗೆಯಬೇಕು ಅಂತ ಆಹಾರ ಸುರಕ್ಷತಾ ಪ್ರಾಧಿಕಾರವೇ 2024ರಲ್ಲಿ ಕಂಪನಿಗಳಿಗೆ ಹೇಳಿತು. ಜ್ಯೂಸ್ ಸೆಂಟರ್‌ನಲ್ಲಿ ತಾಜಾ ರಸ ಕುಡಿದರೂ ಒಂದು ಗ್ಲಾಸಿಗೆ ಮೂರು ಕಿತ್ತಳೆ ಹಿಂಡಿ, ನಾರೆಲ್ಲ ಬುಟ್ಟಿಗೆ ಹಾಕಿ, ಮೇಲೆ ಸಕ್ಕರೆ ಪಾಕ ಸುರಿಯುತ್ತಾರೆ. ಮಗು ಮೂರು ಕಿತ್ತಳೆಯನ್ನು ಸುಲಿದು ತಿನ್ನೋಕೆ ಇಪ್ಪತ್ತು ನಿಮಿಷ ಬೇಕು, ರಸ ಕುಡಿಯೋಕೆ ಒಂದು ನಿಮಿಷ. ಹಣ್ಣನ್ನೇ ಕೊಡಿ.

ಓಆರ್‌ಎಸ್ ವಿಷಯ ಬಿಡಿಸಿ ಹೇಳಲೇಬೇಕು. ಬಿಸಿಲಿಗೆ, ಜ್ವರಕ್ಕೆ, ಆಟ ಆದ ಮೇಲೆ ಅಂತ ಮೆಡಿಕಲ್ ಶಾಪಿನಿಂದ ಸಿಹಿ ಟೆಟ್ರಾ ಪ್ಯಾಕ್ ತಂದುಕೊಡೋ ಅಭ್ಯಾಸ ನಮ್ಮಲ್ಲಿ ತುಂಬಾ ಮನೆಗಳಲ್ಲಿದೆ. ವಿಶ್ವ ಆರೋಗ್ಯ ಸಂಸ್ಥೆಯ ನಿಜವಾದ ಓಆರ್‌ಎಸ್‌ನಲ್ಲಿ ಒಂದು ಲೀಟರ್‌ಗೆ 13.5 ಗ್ರಾಂ ಗ್ಲೂಕೋಸ್ ಇರುತ್ತೆ. ಹಣ್ಣಿನ ರುಚಿಯ ಆ ಪ್ಯಾಕ್‌ಗಳಲ್ಲಿ ಇದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ಸಕ್ಕರೆ ಇತ್ತು. ಅಂಥವು ಓಆರ್‌ಎಸ್ ಅನ್ನೋ ಹೆಸರನ್ನೇ ಬಳಸಬಾರದು ಅಂತ ಅಕ್ಟೋಬರ್ 2025ರಲ್ಲಿ ಆದೇಶ ಬಂತು. ಭೇದಿಯಾದಾಗ ಪುಡಿಯ ಪ್ಯಾಕೆಟ್ ತಂದು, ಅದರ ಮೇಲೆ ಬರೆದಷ್ಟೇ ನೀರಿಗೆ ಕಲಸಿ ಕೊಡಿ. ಟರ್ಫ್‌ನಲ್ಲಿ ಒಂದು ಗಂಟೆ ಫುಟ್‌ಬಾಲ್ ಆಡಿ ಬಂದ ಮಗುವಿಗೆ ನೀರು ಸಾಕು. ಸ್ಪೋರ್ಟ್ಸ್ ಡ್ರಿಂಕ್ ಬೇಕಿಲ್ಲ.

ಎನರ್ಜಿ ಡ್ರಿಂಕ್ ಬಗ್ಗೆ ಚರ್ಚೆಯೇ ಬೇಡ. ಮಕ್ಕಳಿಗೆ ಅಲ್ಲ ಅಂತ ಡಬ್ಬದ ಮೇಲೇ ಬರೆದಿರುತ್ತೆ. ಪರೀಕ್ಷೆ ಹತ್ತಿರ ಬಂದಾಗ ಪಿಯು ಮಕ್ಕಳು ನಿದ್ದೆಗೆಟ್ಟು ಓದೋಕೆ ಇದನ್ನು ಕುಡಿಯುತ್ತಾರೆ. ಸಕ್ಕರೆ, ಕೆಫೀನ್ ಎರಡೂ ಸೇರಿ ನಿದ್ದೆ ಕೆಡುತ್ತೆ, ನಿದ್ದೆ ಕೆಟ್ಟರೆ ಮಾರನೇ ದಿನ ಹಸಿವು ಜಾಸ್ತಿ.

ಇನ್ನು ನಮ್ಮವೇ ಆದ ಡ್ರಿಂಕ್‌ಗಳು. ಕಬ್ಬಿನ ಹಾಲಿನಲ್ಲಿ ಕೋಲಾಗಿಂತ ಜಾಸ್ತಿ ಸಕ್ಕರೆ ಇದೆ. ಬೆಲ್ಲ ಹಾಕಿದ ಪಾನಕವೂ ಸಿಹಿಯೇ, ಮೈಗೆ ಬೆಲ್ಲ ಬೇರೆ ಸಕ್ಕರೆ ಬೇರೆ ಅಂತ ದೊಡ್ಡ ವ್ಯತ್ಯಾಸ ಗೊತ್ತಾಗಲ್ಲ. ಹಾಗಂತ ರಾಮನವಮಿಯ ದಿನ ಬೀದಿಯಲ್ಲಿ ಕೊಡೋ ಪಾನಕ ಬೇಡ ಅಂತ ಮಕ್ಕಳನ್ನು ಎಳೆದುಕೊಂಡು ಬರಬೇಡಿ. ವರ್ಷಕ್ಕೊಂದು ದಿನ ಅದು. ನಾವು ಮಾತಾಡುತ್ತಿರೋದು ದಿನಾ ಕುಡಿಯೋದರ ಬಗ್ಗೆ.

ಎರಡನೇ ವಾರದಿಂದ: ಮನೆಗೆ ತರೋದು ನಿಲ್ಲಿಸಿ

ಮಗುವಿನ ಮನಸ್ಸು ಗಟ್ಟಿ ಮಾಡೋಕೆ ಹೋಗಬೇಡಿ, ಫ್ರಿಜ್ ಖಾಲಿ ಮಾಡಿ. ಬಾಸ್ಟನ್‌ನಲ್ಲಿ 224 ಹದಿಹರೆಯದವರ ಮೇಲೆ ಒಂದು ಅಧ್ಯಯನ ಆಗಿತ್ತು, ತೂಕ ಜಾಸ್ತಿ ಇದ್ದು ದಿನಾ ಸಿಹಿ ಡ್ರಿಂಕ್ಸ್ ಕುಡಿಯುತ್ತಿದ್ದ ಮಕ್ಕಳು. ಅರ್ಧದಷ್ಟು ಮಕ್ಕಳ ಮನೆಗೆ ಒಂದು ವರ್ಷ ನೀರು ಮತ್ತು ಸಕ್ಕರೆ ಇಲ್ಲದ ಪಾನೀಯಗಳನ್ನು ತಲುಪಿಸಿದರು. ವರ್ಷದ ಕೊನೆಗೆ ಆ ಮಕ್ಕಳ ತೂಕ ಉಳಿದವರಿಗಿಂತ ಸುಮಾರು 2 ಕೆ.ಜಿ. ಕಡಿಮೆ ಏರಿತ್ತು. ತಲುಪಿಸೋದು ನಿಲ್ಲಿಸಿದ ಮೇಲೆ ಇನ್ನೊಂದು ವರ್ಷಕ್ಕೆ ಆ ಅಂತರ ಹೆಚ್ಚುಕಡಿಮೆ ಹೊರಟೇ ಹೋಗಿತ್ತು. ಕೈಗೆ ಸಿಗೋದನ್ನು ಮಕ್ಕಳು ಕುಡಿಯುತ್ತಾರೆ.

ಈಗಂತೂ ಹತ್ತು ನಿಮಿಷದಲ್ಲಿ ಬಾಗಿಲಿಗೆ ತಂದುಕೊಡೋ ಆ್ಯಪ್‌ಗಳಿವೆ. ಅವುಗಳ ಹಳೆಯ ಆರ್ಡರ್ ಪಟ್ಟಿಯಲ್ಲಿ ಕೂಲ್ ಡ್ರಿಂಕ್ಸ್ ಇದ್ದರೆ ಪ್ರತಿ ಸಲ ಮೇಲೇ ಕಾಣುತ್ತೆ. ಮಗುವಿನ ಫೋನಿನಿಂದ ಆರ್ಡರ್ ಆಗುತ್ತಿದೆಯಾ ಅಂತಲೂ ನೋಡಿ. ಬಿರಿಯಾನಿ, ಪಿಜ್ಜಾ ಜೊತೆ ಬರೋ ಕಾಂಬೋ ಬೇಡ ಅನ್ನಿ. ನೆಂಟರಿಗೆ ಅಂತ ತಂದಿಟ್ಟ ಬಾಟಲಿ ಕೊನೆಗೆ ಮಕ್ಕಳ ಪಾಲಾಗುತ್ತೆ. ಬಂದವರಿಗೆ ಕಾಫಿ ಕೊಡಿ, ಮಜ್ಜಿಗೆ ಕೊಡಿ. ಅಪ್ಪ ಸೋಫಾದಲ್ಲಿ ಕೂತು ಕೋಲಾ ಕುಡಿಯುತ್ತಾ ಮಗನಿಗೆ ಬೇಡ ಅಂದರೆ ಯಾವ ಮಗನೂ ಕೇಳಲ್ಲ.

ಟೀ, ಹಾಲಿನ ಸಕ್ಕರೆಯನ್ನು ಒಂದೇ ದಿನ ತೆಗೆಯಬೇಡಿ. ಎರಡು ವಾರಕ್ಕೆ ಅರ್ಧ ಚಮಚದಂತೆ ಇಳಿಸಿ. ನಾಲಿಗೆ ಹೊಂದಿಕೊಳ್ಳುತ್ತೆ. ರಾತ್ರಿಯ ಹಾಲಿನ ವಿಷಯದಲ್ಲಿ ಅಜ್ಜಿಯನ್ನು ಒಪ್ಪಿಸೋದು ನಮಗೆ ಕಷ್ಟವಾಯಿತು. "ಬೆಳೆಯೋ ಹುಡುಗನಿಗೆ ಸಪ್ಪೆ ಹಾಲು ಕೊಡ್ತೀಯಾ" ಅಂತ ಬೇಜಾರು ಮಾಡಿಕೊಂಡರು. ಪೌಡರ್ ಬದಲು ಚಿಟಿಕೆ ಏಲಕ್ಕಿ, ಅರಿಶಿನ ಹಾಕೋಣ ಅಂದ ಮೇಲೆ ಅದು ಅವರದ್ದೇ ಅಡುಗೆ ಆಯಿತು, ಒಪ್ಪಿದರು.

ನಾಲ್ಕೂವರೆ ಗಂಟೆಯ ಬಾಯಾರಿಕೆ

ಸಂಜೆ ಆ ಪುಟ್ಟ ಬಾಟಲಿ ಕೊಳ್ಳೋಕೆ ನಮ್ಮ ಮಗ ಬೇಕರಿಗೆ ಹೋಗುತ್ತಿದ್ದದ್ದು ಆಸೆಗೆ ಅಂತ ನಾನು ತಿಳಿದಿದ್ದೆ. ನಿಜಕ್ಕೂ ಅವನಿಗೆ ಬಾಯಾರಿಕೆ, ಹಸಿವು ಎರಡೂ ಇತ್ತು. ಬೆಳಿಗ್ಗೆ ತುಂಬಿಸಿ ಕೊಟ್ಟ ನೀರಿನ ಬಾಟಲಿ ಸಂಜೆ ಅರ್ಧ ಹಾಗೇ ವಾಪಸ್ ಬರುತ್ತಿತ್ತು. ಯಾಕೆ ಅಂತ ಎರಡು ಮೂರು ಸಲ ಕೇಳಿದ ಮೇಲೆ ಹೇಳಿದ, ಸ್ಕೂಲಿನ ಟಾಯ್ಲೆಟ್‌ಗೆ ಹೋಗೋಕೆ ಆಗಲ್ಲ, ಅದಕ್ಕೇ ನೀರು ಕುಡಿಯಲ್ಲ ಅಂತ. ಹೆಣ್ಣುಮಕ್ಕಳ ಅಮ್ಮಂದಿರು ಇದನ್ನು ಖಂಡಿತ ಕೇಳಿರುತ್ತೀರಿ. ದಿನವಿಡೀ ನೀರಿಲ್ಲದೆ ಇದ್ದ ಮಗು ಸಂಜೆ ಬೇಕರಿಯ ಗಾಜಿನ ಫ್ರಿಜ್ ಮುಂದೆ ನಿಂತರೆ ಏನು ತಗೊಳ್ಳುತ್ತೆ? ಮುಂದಿನ ಪೇರೆಂಟ್ಸ್ ಮೀಟಿಂಗ್‌ನಲ್ಲಿ ಮಾರ್ಕ್ಸ್ ಬಗ್ಗೆ ಮಾತಾಡೋ ಮುಂಚೆ ಟಾಯ್ಲೆಟ್ ಬಗ್ಗೆ ಮಾತಾಡಿ. ನಾಲ್ಕು ಜನ ಅಮ್ಮಂದಿರು ಒಟ್ಟಿಗೆ ಹೇಳಿದರೆ ಕೆಲಸ ಆಗುತ್ತೆ, ನಮ್ಮಲ್ಲಿ ಆಯಿತು.

ಆಮೇಲೆ ಸಂಜೆಗೆ ಅಂತಲೇ ಪ್ರತ್ಯೇಕ ಡಬ್ಬಿ ಕೊಡೋಕೆ ಶುರು ಮಾಡಿದೆ. ಹುರಿಗಡಲೆ ಕಡಲೆಬೀಜ, ಇಲ್ಲವೇ ಎರಡು ಬಾಳೆಹಣ್ಣು. ಜೊತೆಗೆ ಸ್ಟೀಲ್ ಬಾಟಲಿಯಲ್ಲಿ ತಣ್ಣನೆಯ ನೀರು. ಹೊಟ್ಟೆ ತುಂಬಿದ್ದರೆ ಫ್ರಿಜ್ ಅಷ್ಟು ಕರೆಯೋದಿಲ್ಲ.

ಮನೆಗೆ ಬಂದ ಮೇಲೆ ನೀರು ಮಜ್ಜಿಗೆ. ಒಂದು ಬಟ್ಟಲು ಮೊಸರಿಗೆ ನಾಲ್ಕು ಬಟ್ಟಲು ನೀರು ಹಾಕಿ ಚೆನ್ನಾಗಿ ಕಡೆಯಿರಿ. ಬೆರಳ ತುದಿಯಷ್ಟು ಶುಂಠಿ, ಅರ್ಧ ಹಸಿಮೆಣಸಿನಕಾಯಿ, ನಾಲ್ಕು ಎಲೆ ಕರಿಬೇವು, ಸ್ವಲ್ಪ ಕೊತ್ತಂಬರಿ, ಚಿಟಿಕೆ ಉಪ್ಪನ್ನು ಕುಟ್ಟಾಣಿಯಲ್ಲಿ ಜಜ್ಜಿ ಹಾಕಿ. ಕೊನೆಗೆ ಇಂಗು. ಮಿಕ್ಸಿಗೆ ಹಾಕಿದರೆ ಖಾರ ಜಾಸ್ತಿಯಾಗಿ ಮಕ್ಕಳು ಬೇಡ ಅನ್ನುತ್ತಾರೆ, ಜಜ್ಜಿದರೇ ಚೆನ್ನ. ಮೊಸರು ಅವತ್ತಿನದ್ದೇ ಇರಲಿ, ಹುಳಿ ಬಂದದ್ದು ಮಕ್ಕಳಿಗೆ ಸೇರಲ್ಲ. ಫ್ರಿಜ್‌ನಲ್ಲಿ ಕೋಲಾ ಇಡುತ್ತಿದ್ದ ಜಾಗದಲ್ಲೇ ಇದರ ಜಗ್ ಇಡಿ. ಮಾಡೋಕೆ ಪುರುಸೊತ್ತಿಲ್ಲದ ದಿನ ನಂದಿನಿ ಬೂತಿನ ಮಸಾಲ ಮಜ್ಜಿಗೆ ಪ್ಯಾಕೆಟ್ ಆಗುತ್ತೆ.

ಗ್ಯಾಸಿನ ಚುರುಕು ಬೇಕು ಅನ್ನೋ ಮಕ್ಕಳಿಗೆ ಪ್ಲೇನ್ ಸೋಡಾಗೆ ನಿಂಬೆಹಣ್ಣು ಉಪ್ಪು ಹಾಕಿಕೊಡಿ. ಎಳನೀರಿನಲ್ಲಿ ಸಹಜ ಸಿಹಿ ಇದೆ, ಆದರೂ ಕೋಲಾದ ಅರ್ಧದಷ್ಟೂ ಇಲ್ಲ. ಡಯಟ್ ಕೋಲಾ ಒಂದಷ್ಟು ದಿನದ ಮಟ್ಟಿಗೆ ಸರಿ, ಆದರೆ ಅದನ್ನೇ ಅಭ್ಯಾಸ ಮಾಡಿಸಬೇಡಿ. ತೂಕ ಇಳಿಸೋಕೆ ಅಂತ ಸಕ್ಕರೆ ಇಲ್ಲದ ಸಿಹಿಗಳನ್ನು ನಂಬಬೇಡಿ ಅಂತ ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ನಾಲಿಗೆಗೆ ಸಿಹಿಯ ಚಟ ಹಾಗೇ ಉಳಿಯುತ್ತೆ ಅನ್ನೋದು ನನ್ನ ಅನುಭವ.

ಗೆಳೆಯರ ಜೊತೆ ಹೋದಾಗ

ವಾರಕ್ಕೆ ಒಂದು ಸಲ, ಚಿಕ್ಕ ಬಾಟಲಿ, ಯಾವುದು ಯಾವಾಗ ಅಂತ ಅವನೇ ಆರಿಸಲಿ. ಪೂರ್ತಿ ಬಂದ್ ಮಾಡಿದ ಮನೆಗಳಲ್ಲಿ ಸುಳ್ಳು ಶುರುವಾಗೋದನ್ನು ನೋಡಿದ್ದೇನೆ. ಬೈ-ಟು ಕಾಫಿ ಕುಡಿಯೋ ಊರು ನಮ್ಮದು, ಬಬಲ್ ಟೀಯನ್ನೂ (ಸಾಬುದಾನಿ ಥರದ ಗೋಲಿ ಹಾಕಿದ ಸಿಹಿ ಟೀ) ಇಬ್ಬರು ಹಂಚಿಕೊಳ್ಳಬಹುದು ಅಂತ ಹೇಳಿಕೊಡಿ. ಅಂಗಡಿಯಲ್ಲಿ "ಸಕ್ಕರೆ ಕಾಲು ಭಾಗ ಹಾಕಿ" ಅಂತ ಕೇಳೋಕೆ ಸಂಕೋಚ ಬೇಡ.

ಇದನ್ನು ಮಾತ್ರ ಮಾಡಬೇಡಿ

ಒಂದು ಮದುವೆಯಲ್ಲಿ ನಮ್ಮ ಸೋದರಮಾವ ಎಲ್ಲರ ಎದುರು ಮಗನ ಬೆನ್ನು ತಟ್ಟಿ "ಏನೋ, ಚೆನ್ನಾಗಿ ಮೈ ಬಂದಿದೆ" ಅಂದರು. ಅವರು ಹೇಳಿದ್ದು ಪ್ರೀತಿಗೇ. ಮಗ ಪಂಕ್ತಿಯಲ್ಲಿ ಕೂತು ಎಲೆಗೆ ಬಡಿಸಿದ ಹೋಳಿಗೆಯನ್ನು ಮುಟ್ಟಲಿಲ್ಲ, ಅನ್ನವನ್ನು ಕೈಯಲ್ಲಿ ಸುಮ್ನೆ ಕಲಸುತ್ತಾ ಕೂತಿದ್ದ. ಸಂಜೆ ಛತ್ರದ ಹಿಂದೆ ಒಬ್ಬನೇ ನಿಂತು ಎರಡು ಬಾಟಲಿ ಕುಡಿದಿದ್ದ. ಆ ದೃಶ್ಯ ನನ್ನ ಕಣ್ಣಿಂದ ಇನ್ನೂ ಹೋಗಿಲ್ಲ.

ಮಗುವಿನ ಎದುರು ತೂಕದ ಮಾತು ಬೇಡ. ಅಕ್ಕನ ಜೊತೆ, ಪಕ್ಕದ ಮನೆ ಹುಡುಗಿಯ ಜೊತೆ ಹೋಲಿಸೋದು ಬೇಡ. ಈ ವಯಸ್ಸಿನಲ್ಲಿ ಎತ್ತರ ಬೆಳೆಯೋಕೂ ತೂಕ ಬೇಕು, ಹೆಣ್ಣುಮಕ್ಕಳಿಗೆ ಮೈ ತುಂಬೋದು ಸಹಜ. ಊಟ ಬಿಡಿಸಬೇಡಿ, ನೀವೇ ಡಯಟ್ ಹಾಕಬೇಡಿ. ಮಾತಾಡಬೇಕಾದರೆ ಸಕ್ಕರೆಯ ಬಗ್ಗೆ ಮಾತಾಡಿ, ಮೈಯ ಬಗ್ಗೆ ಬೇಡ.

ಡಾಕ್ಟರ್ ಹತ್ತಿರ ಯಾವಾಗ?

ಕತ್ತಿನ ಹಿಂಭಾಗ, ಕಂಕುಳು ಕಪ್ಪಾಗಿ ಮಖಮಲ್ ಬಟ್ಟೆಯ ಹಾಗೆ ದಪ್ಪಗಾಗಿದೆಯಾ ನೋಡಿ. ಕೊಳೆ ಅಂತ ಕಡಲೆಹಿಟ್ಟು ಹಾಕಿ ಉಜ್ಜುತ್ತೇವೆ, ಅದು ಹೋಗಲ್ಲ. ಇನ್ಸುಲಿನ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಅನ್ನೋದರ ಸೂಚನೆ ಅದಾಗಿರಬಹುದು. ಮಗು ಪದೇ ಪದೇ ನೀರು ಕುಡಿದು ಪದೇ ಪದೇ ಮೂತ್ರಕ್ಕೆ ಹೋಗುತ್ತಿದ್ದರೆ, ಅದರಲ್ಲೂ ತೂಕ ತಾನಾಗೇ ಇಳಿಯುತ್ತಿದ್ದರೆ ಅವತ್ತೇ ತೋರಿಸಿ. ಹುಡುಗಿಯರ ಮುಟ್ಟು ತಿಂಗಳುಗಟ್ಟಲೆ ತಪ್ಪಿದರೂ, ಮಗು ಜೋರಾಗಿ ಗೊರಕೆ ಹೊಡೆದರೂ ಹೇಳಿ. ದೊಡ್ಡವರ ಬಿಎಂಐ (ಎತ್ತರಕ್ಕೆ ತೂಕ ಎಷ್ಟಿದೆ ಅನ್ನೋ ಲೆಕ್ಕ) ಅಳತೆಯನ್ನು ಮಕ್ಕಳಿಗೆ ನೇರವಾಗಿ ಹಾಕಬೇಡಿ. ಭಾರತೀಯ ಮಕ್ಕಳ ವೈದ್ಯರ ಸಂಘದ ಬೆಳವಣಿಗೆಯ ಚಾರ್ಟ್ ಇದೆ, ಮಕ್ಕಳ ಡಾಕ್ಟರ್ ಅದರಲ್ಲಿ ವಯಸ್ಸಿಗೆ ತಕ್ಕ ಹಾಗೆ ಗುರುತು ಮಾಡಿ ತೋರಿಸುತ್ತಾರೆ. ಮೂರು ತಿಂಗಳಿಗೊಮ್ಮೆ ಅಳೆದರೆ ಸಾಕು. ದಿನಾ ತೂಕದ ಮಷಿನ್ ಹತ್ತಿಸಬೇಡಿ.

ಸ್ಕೂಲಿನಲ್ಲಿ ಕೇಳಬಹುದಾದದ್ದು

ಸಕ್ಕರೆ, ಕೊಬ್ಬು, ಉಪ್ಪು ಜಾಸ್ತಿ ಇರೋ ತಿಂಡಿ, ಡ್ರಿಂಕ್‌ಗಳನ್ನು ಶಾಲೆಯ ಕ್ಯಾಂಟೀನ್‌ನಲ್ಲಿ, ಶಾಲೆಯ ಸುತ್ತ 50 ಮೀಟರ್ ಒಳಗೆ ಮಕ್ಕಳಿಗೆ ಮಾರಬಾರದು ಅಂತ ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ನಿಯಮ ಇದೆ. ಸಿಬಿಎಸ್ಇ ತನ್ನ ಶಾಲೆಗಳಲ್ಲಿ 'ಶುಗರ್ ಬೋರ್ಡ್' ಹಾಕಬೇಕು ಅಂತ ಮೇ 2025ರಲ್ಲಿ ಹೇಳಿದೆ. ಯಾವ ಡ್ರಿಂಕ್‌ನಲ್ಲಿ ಎಷ್ಟು ಸಕ್ಕರೆ ಅಂತ ತೋರಿಸೋ ಬೋರ್ಡ್ ಅದು. ನಿಮ್ಮದು ಸ್ಟೇಟ್ ಸಿಲಬಸ್ ಶಾಲೆಯಾದರೂ ಅಂಥದ್ದೊಂದನ್ನು ಮಾಡಿಸಿ ಅಂತ ಕೇಳಬಹುದು. ನಮ್ಮ ಮಗನ ಶಾಲೆಯಲ್ಲಿ ಮೊದಲು "ನೋಡೋಣ" ಅಂದರು. ಬರವಣಿಗೆಯಲ್ಲಿ ಕೊಟ್ಟ ಮೇಲೆ ಸೈನ್ಸ್ ಟೀಚರ್ ಮಕ್ಕಳ ಕೈಯಲ್ಲೇ ಚಾರ್ಟ್ ಮಾಡಿಸಿದರು, ನಮ್ಮ ಮಗ ಖಾಲಿ ಬಾಟಲಿಗಳಿಗೆ ಸಕ್ಕರೆ ತುಂಬಿಸಿಕೊಂಡು ಹೋಗಿದ್ದ.

ಮತ್ತೆ ಚೀಟಿ

ಮೊದಲ ವಾರ ಕೆಲವು ಮಕ್ಕಳಿಗೆ ತಲೆನೋವು ಬರಬಹುದು, ಕೋಲಾದ ಕೆಫೀನ್ ನಿಂತದ್ದಕ್ಕೆ. ಕೆಲವು ದಿನದಲ್ಲಿ ಹೋಗುತ್ತೆ. ನಿಜವಾದ ಪರೀಕ್ಷೆ ಬರೋದು ರಜೆ ಮುಗಿದ ಮೇಲೆ. ನಮ್ಮಲ್ಲಿ ದಸರಾ ರಜೆಗೆ ಊರಿಗೆ ಹೋಗಿ ಬಂದಾಗ ಟೀಗೆ ಮತ್ತೆ ಎರಡು ಚಮಚ ಬಂದಿತ್ತು. ಅದಕ್ಕೇ ದಸರಾ ಆದ ವಾರ, ಸಂಕ್ರಾಂತಿ ಆದ ವಾರ, ಬೇಸಿಗೆ ರಜೆ ಮುಗಿದು ಶಾಲೆ ಶುರುವಾಗೋ ವಾರ ಫ್ರಿಜ್ ಮೇಲೆ ಮತ್ತೆ ಚೀಟಿ ಅಂಟಿಸುತ್ತೇವೆ. ಏಳು ದಿನ ಎಲ್ಲರೂ ಬರೆಯುತ್ತೇವೆ. ಕಳೆದ ಸಲ ಚೀಟಿ ಅಂಟಿಸಿದ್ದು ಮಗ, ಅದರಲ್ಲಿ ಮೊದಲ ಸಾಲು ಅವರಪ್ಪನ ಆಫೀಸಿನ ಮೂರು ಕಾಫಿ.